ಹತ್ತಕ್ಕೆ ನಾಲ್ಕು

ಬೇಸಿಗೆ ರಜೆ ಮುಗಿದು ಸರ್ಕಾರಿ ಶಾಲೆ ಬಾಗಿಲು ತೆರೆದ ಮೊದಲ ಶುಕ್ರವಾರ, ಬೆಳಗ್ಗೆ ಎಂಟು ಗಂಟೆ. ಕೆಂಪು ಪೆನ್ನಿನ ಮೇಷ್ಟ್ರ ಕೈ ತುರಿಸಿದ್ದು ಆಗಲೇ.

ಆ ಹೆಸರು ಮಕ್ಕಳು ಇಟ್ಟದ್ದು. ಬರೆದ ಕಾಗದ ಯಾವುದು ಕಂಡರೂ ಸರಿ, ಮೇಷ್ಟ್ರ ಕೈ ಜೇಬಿಗೆ ಹೋಗುತ್ತಿತ್ತು. ಮದುವೆಗೆ ಮುಂಚೆ ಹೆಂಡತಿ ಬರೆದ ಪತ್ರಕ್ಕೂ ಆರೂವರೆ ಮಾರ್ಕು ಹಾಕಿ ಹಿಂದಕ್ಕೆ ಕಳಿಸಿದ್ದ ಮಹಾನುಭಾವರು.

ಅವತ್ತು ಮನೆಯ ಮೇಜಿನ ಮೇಲಿದ್ದದ್ದು ಶಿಕ್ಷಣ ಕಚೇರಿಯ ಫಾರಂ. ಸರ್ಕಾರಿ ಶಾಲೆ ಮೇಷ್ಟ್ರುಗಳ ಮಕ್ಕಳಿಗೆ ಕಾಲೇಜು ಫೀಜು ಮಾಫಿ. ಮಗಳಿಗೆ ಸೀಟು ಸಿಕ್ಕಿತ್ತು. ಅರ್ಜಿಗೆ ಅದೇ ಕಡೇ ದಿನ. ಮಾಫಿ ತಪ್ಪಿದರೆ ಸ್ಕೂಟರು ಮಾರಬೇಕು. ಮಗಳಿಗಿಂತ ಎರಡು ವರ್ಷ ದೊಡ್ಡದಾದ ಆ ಸ್ಕೂಟರು ಹತ್ತು ಸಲ ಒದೆಯದೆ ಎದ್ದದ್ದಿಲ್ಲ. ಆದರೂ ಮೇಷ್ಟ್ರಿಗೆ ಅದು ಜೀವ.

ಮಗಳು ನೀರು ಕುಡಿದು ಬರುವಷ್ಟರಲ್ಲಿ ಫಾರಂ ಕೆಂಪಾಗಿತ್ತು.

"ಅಪ್ಪಾ! ಏನಿದು?"

"ನೋಡಮ್ಮ, ಅಪ್ಪನ ಹೆಸರು ಮೂರು ಕಡೆ ಕೇಳಿದಾರೆ. ಒಬ್ಬರಿಗೆ ಎಷ್ಟು ಜನ ಅಪ್ಪಂದಿರು? ಆಮೇಲೆ 'ಶಾಲೆಗೆ ಸಂಬಂಧಪಟ್ಟವರ ಮಕ್ಕಳಿಗೆ' ಅಂತೆ. ಶಾಲೆ ಬಾಗಿಲಲ್ಲಿ ಮಲಗೋ ಬೆಕ್ಕೂ ಸಂಬಂಧಪಟ್ಟಿದ್ದೇ! ಅದಕ್ಕೇ 'ತರಗತಿಯಲ್ಲಿ ನಿಂತು ಪಾಠ ಮಾಡುವವರ ಮಕ್ಕಳಿಗೆ ಮಾತ್ರ' ಅಂತ ತಿದ್ದಿದೆ."

ಕೆಳಗೆ ಷರಾ ಬೇರೆ: 'ಹತ್ತಕ್ಕೆ ನಾಲ್ಕು. ಗಮನ ಸಾಲದು.'

"ಒಬ್ಬರಿಗೆ ಒಂದೇ ಫಾರಂ ಅಪ್ಪಾ! ಇನ್ನೊಂದು ಕೊಡಲ್ಲ!"

ಮೇಷ್ಟ್ರ ಮುಖ ಸುಣ್ಣ ಬಳಿದ ಗೋಡೆಯಾಯಿತು. ಗಲಾಟೆ ಕೇಳಿ ಪಕ್ಕದ ಮನೆಯ ಟೈಲರು ಬಂದ.

"ಎಂಥೆಂಥ ಕಲೆ ತೆಗ್ದಿದೀನಿ ಮೇಷ್ಟ್ರೇ, ಇದ್ಯಾವ ಲೆಕ್ಕ! ಒಂದು ನಿಂಬೆಹಣ್ಣು ತನ್ನಿ."

ಉಜ್ಜಿದ. ಇಂಕು ಅಲ್ಲೇ ಉಳಿಯಿತು, ಕಾಗದ ಹೋಯಿತು. ನಡುವೆ ಕಿಟಕಿಯಂಥ ತೂತು.

"ತೇಪೆ ಹಾಕ್ಲಾ?"

"ನಿಮ್ಮ ದಮ್ಮಯ್ಯ, ಬೇಡ!"

"ಹೋಗ್ಲಿ, ಸ್ಕೂಟರು ಮಾರೋದಾದ್ರೆ ನನಗೇ ಹೇಳಿ."

ಮಧ್ಯಾಹ್ನ ಕಚೇರಿಗೆ ಧೈರ್ಯಕ್ಕೆಂದು ಶಾಲೆಯ ಡ್ರಿಲ್ ಮೇಷ್ಟ್ರೂ ಜೊತೆಗೆ ಬಂದರು. ಉದ್ದನೆಯ ಸಾಲು ಕಂಡವರೇ ಅಭ್ಯಾಸಬಲದಿಂದ ಸೀಟಿ ಊದಿ "ಎಡಕ್ಕೆ ತಿರುಗ್!" ಎಂದುಬಿಟ್ಟರು. ಸಾಲಿನಲ್ಲಿದ್ದವರೆಲ್ಲ ಮೇಷ್ಟ್ರುಗಳು, ಅವರೂ ಅಭ್ಯಾಸಬಲದಿಂದ ತಿರುಗಿದರು. ಆ ಸಂದಿನಲ್ಲಿ ನಮ್ಮ ಮೇಷ್ಟ್ರು ಕಿಟಕಿ ಮುಟ್ಟಿದರು.

ಒಳಗಿದ್ದ ಗುಮಾಸ್ತ ಹಳೇ ಶಿಷ್ಯ. ಫಾರಂ ನೋಡಿ ಕಣ್ಣರಳಿಸಿದ. "ಸಾರ್, ಇಲ್ಲಿ ಕೆಂಪು ಇಂಕಲ್ಲಿ ಬರೆಯೋರು ಸಾಹೇಬ್ರು ಒಬ್ರೇ. ಈ ಫಾರಂ ಮಾಡಿದ್ದೂ ಅವ್ರೇ. ಒಳಗೆ ಬನ್ನಿ."

"ಬೇಡಪ್ಪ, ನಾನು ಇಲ್ಲೇ ಇರ್ತೀನಿ."

"ನನ್ನನ್ನ ಬೆಂಚಿನ ಮೇಲೆ ನಿಲ್ಲಿಸ್ತಿದ್ರಲ್ಲ ಸಾರ್, ಇವತ್ತು ನಿಮ್ಮ ಸರದಿ!"

ಸಾಹೇಬರು ಓದಿದರು. ಮತ್ತೆ ಓದಿದರು. ಫಾರಮ್ಮಿನ ತೂತಿನಿಂದ ಮೇಷ್ಟ್ರನ್ನು ಇಣುಕಿದರು.

"ಹನ್ನೊಂದು ವರ್ಷದಿಂದ ಸಾವಿರಾರು ಜನ ಈ ಫಾರಂ ತುಂಬಿದಾರೆ. ಓದಿದೋರು ನೀವೊಬ್ರೇ ಕಣ್ರೀ!"

"ತಪ್ಪಾಯ್ತು ಸಾರ್..."

"ತಪ್ಪು ನಂದು. ನೀವು ತಿದ್ದಿದ್ದೆಲ್ಲ ಇವತ್ತಿಂದಲೇ ಜಾರಿ. ಇಂಥ ಕಣ್ಣು ಶಾಲೇಲಿ ಇದ್ದು ವ್ಯರ್ಥ. ಸೋಮವಾರದಿಂದ ಇಲ್ಲಿಗೇ ಬನ್ನಿ, ಅರ್ಜಿ ನೋಡೋ ಕೆಲಸ ನಿಮ್ಮದು."

ಮೇಷ್ಟ್ರು ಪುಗ್ಗೆಯಂತೆ ಉಬ್ಬಿ ಮನೆಗೆ ಬಂದರು.

ಸೋಮವಾರ ಶಾಲೆ ಬಿಟ್ಟರು. ಮಕ್ಕಳು ಗೇಟಿನವರೆಗೂ ಬಂದು ಕೈಬೀಸಿದರು. ಕಚೇರಿಯಲ್ಲಿ ಹೊಸ ಕುರ್ಚಿ. ಗುಮಾಸ್ತ ಮೊದಲ ಅರ್ಜಿ ತಂದಿಟ್ಟ. ನಡುವೆ ತೂತು.

ಮೇಷ್ಟ್ರು ಓದಿದರು: 'ತರಗತಿಯಲ್ಲಿ ನಿಂತು ಪಾಠ ಮಾಡುವವರ ಮಕ್ಕಳಿಗೆ ಮಾತ್ರ.' ತಾವು ಕೂತ ಕುರ್ಚಿಯನ್ನೊಮ್ಮೆ ತಡವಿ ನೋಡಿದರು.

"ಏನು ಬರೀತೀರಿ ಸಾರ್?" ಗುಮಾಸ್ತ ಮೆಲ್ಲಗೆ ಕೇಳಿದ.

ಮೇಷ್ಟ್ರು ನಿಟ್ಟುಸಿರುಬಿಟ್ಟು ಕೆಂಪು ಪೆನ್ನು ತೆಗೆದು ಬರೆದರು: 'ಅರ್ಹರಲ್ಲ.'

ಸಂಜೆ ಸುದ್ದಿ ಕೇಳಿ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹತ್ತಕ್ಕೆ ಹತ್ತು ಅಪ್ಪಾ!" ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ.

ಗುರುವಾರ ಮಗಳು ಕಾಲೇಜಿಗೆ ಹೊರಟಳು. ಅದರ ಹಿಂದಿನ ದಿನ, ಬುಧವಾರ, ಟೈಲರನ ಜೊತೆ ಸ್ಕೂಟರು ಹೊರಟಿತು. ಒಂದೇ ಒದೆಗೆ ಎದ್ದಿತು.