ಸತ್ತವರ ದನಿ ಹಿಡಿಯುವ ಮಷೀನು

ರಾಯಚೂರಿನಲ್ಲಿ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟವನಿಗೆ ಬದುಕಿರುವವರ ಕಾಟವೇ ಸಾಕಷ್ಟಿರುತ್ತದೆ. ನನಗೆ ಸತ್ತವರದೂ ಗಂಟುಬಿತ್ತು. ಎಪ್ಪತ್ತರ ದಶಕದ ಕೊನೆಗೆ ಯಾವುದೋ ವಾರಪತ್ರಿಕೆ, ಖಾಲಿ ಕೋಣೆಯಲ್ಲಿ ಟೇಪ್ ಓಡಲು ಬಿಟ್ಟರೆ ಸತ್ತವರ ದನಿ ಅದರಲ್ಲಿ ಬೀಳುತ್ತದೆ, ಪರದೇಶದಲ್ಲಿ ಹಿಡಿದಿದ್ದಾರೆ ಎಂದು ಬರೆಯಿತು. ಬರೆದವರು ಕೈತೊಳೆದುಕೊಂಡರು. ಗಿರಾಕಿಗಳು ಮಾತ್ರ ನನ್ನ ಅಂಗಡಿಗೇ ಬಂದರು.

೧. ತೆಲುಗು ಕಲಿತ ಅಪ್ಪ

ಮೊದಲು ಬಂದವನು ಒಬ್ಬ ಗುಮಾಸ್ತ. ದೇವರಕೋಣೆಯಲ್ಲಿ ಟೇಪ್ ಇಟ್ಟಿದ್ದನಂತೆ, ತೀರಿಕೊಂಡ ಅಪ್ಪನ ದನಿ ಬಂದಿದೆಯಂತೆ. ಹಾಕಿ ಕೇಳಿದೆ. ಸಣ್ಣಗೆ ಯಾರೋ ತೆಲುಗಿನಲ್ಲಿ ಮಾತಾಡುತ್ತಿದ್ದರು.

"ನಿಮ್ಮಪ್ಪಗ ತೆಲುಗು ಬರ್ತಿತ್ತೇನ್ರಿ?"

"ಇದ್ದಾಗ ಬರ್ತಿದ್ದಿಲ್ಲ."

ಕಿವಿಗೊಟ್ಟು ಕೇಳಿದರೆ, ಶೇಂಗಾಕ್ಕೆ ಔಷಧಿ ಯಾವಾಗ ಹೊಡೆಯಬೇಕೆಂದು ಹೇಳುತ್ತಿದ್ದರು. ಮಷೀನಿನೊಳಗೆ ಒಂದು ತಂತಿ ಬಿಟ್ಟುಹೋಗಿ ಆಂಧ್ರದ ಯಾವುದೋ ರೇಡಿಯೊ ಅದರಲ್ಲಿ ಬೀಳುತ್ತಿತ್ತು. ಬೆಸೆದು ಕೊಟ್ಟೆ. ವಾರಕ್ಕೆ ಮುಖ ಗಂಟಿಕ್ಕಿಕೊಂಡು ವಾಪಸ್ ಬಂದ.

"ಅಪ್ಪ ಬರೋದ ಬಿಟ್ಟಾನ್ರಿ. ಜೀವ ಇರೋತನ ಹೊಲದ್ದ ಮಾತಾಡ್ತಿದ್ದ, ಸತ್ತ ಮ್ಯಾಲೂ ಅದನ್ನ ಮಾತಾಡ್ತಿದ್ದ. ನಿಮಗೇನ್ ತ್ರಾಸಾಗಿತ್ತು? ಮೊದಲಿನಂಗ ಕೆಡಿಸಿಕೊಡ್ರಿ."

ಇಷ್ಟು ವರ್ಷದ ಕಸುಬಿನಲ್ಲಿ ನಾನು ಬೇಕೆಂದೇ ಕೆಡಿಸಿಕೊಟ್ಟ ಮಷೀನು ಅದೊಂದೇ. ಉಳಿದವೆಲ್ಲ ರಿಪೇರಿ ಮಾಡಲು ಹೋಗಿ ಕೆಟ್ಟವು.

೨. ಮಾತು ಬಿಟ್ಟಾಕೆ

ಗುಮಾಸ್ತ ಊರೆಲ್ಲ ಹೇಳಿದ. ಸುದ್ದಿ ಬಸ್ಸು ಹತ್ತಿ ದೇವದುರ್ಗಕ್ಕೂ ಹೋಯಿತು. ಅಲ್ಲಿನ ಟೇಲರ್ ಒಬ್ಬರು ಆರು ತಿಂಗಳ ಕೆಳಗೆ ಹೆಂಡತಿಯನ್ನು ಕಳೆದುಕೊಂಡಿದ್ದರು. ಅವರು ಕರೆಕಳಿಸಿದಾಗ, ನಂಬಿಕೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಅಂಗಡಿಯ ಮಷೀನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ.

ಟೇಲರ್ ಮೈಕಿನ ಹತ್ತಿರ ಬಾಗಿ "ಹೆಂಗದಿ?" ಎಂದು ಕೇಳಿದರು. ಉತ್ತರಕ್ಕೆಂದು ಟೇಪ್ ಓಡಲು ಬಿಟ್ಟು ಇಬ್ಬರೂ ಹೊರಗೆ ಬಿಸಿಲಲ್ಲಿ ನಿಂತೆವು. ಆಮೇಲೆ ಹಾಕಿ ಕೇಳಿದರೆ ಕ್ಯಾಸೆಟ್ಟಿನ ಸುಯ್ ಎನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ನನಗೆ ಕೆಟ್ಟದೆನಿಸಿತು. ಅವರು ಮಾತ್ರ ಕೊನೆಯವರೆಗೂ ತಲೆ ಬಗ್ಗಿಸಿ ಕೇಳಿದರು.

"ಆಕೀನ ರೀ" ಎಂದರು.

"ಇದರಾಗ ಏನೂ ಇಲ್ಲಲ್ರೀ?"

"ಅದನ್ನ ಹೇಳಾಕತ್ತೀನಿ. ಸಿಟ್ಟು ಬಂದ್ರ ಆಕಿ ಹಿಂಗ. ಇನ್ನಾ ಇಳಿದಿಲ್ಲ ನೋಡ್ರಿ."

ಕ್ಯಾಸೆಟ್ಟನ್ನು ಜೋಪಾನವಾಗಿ ಜೇಬಿಗಿಟ್ಟುಕೊಂಡರು.

೩. ಬಾಗಿಲು ಮುಚ್ಚಿದ ಕೋಣೆ

ಮಾನ್ವಿಯ ಅಕ್ಕಿ ಗಿರಣಿಯವರ ಮನೆಯಲ್ಲಿ ಯಜಮಾನರು ಹೋಗಿ ವರ್ಷವಾಗಿತ್ತು. ಅಂಥ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಬಡಿಸಿ, ಅವರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ ಮನೆಯವರು ಹೊರಗೆ ನಿಲ್ಲುವುದು ಪದ್ಧತಿ. ಆ ಕೋಣೆಯಲ್ಲಿ ನನ್ನ ಮಷೀನು ಇಡಬೇಕೆಂದು ಕರೆಸಿದ್ದರು.

ಕರೆಸಿದ್ದು ಯಜಮಾನರ ಹೆಂಡತಿ, ವಯಸ್ಸಾದ ಅಜ್ಜಿ. "ಯಪ್ಪಾ, ಕಡೀ ವಾರದಾಗ ಹೋಳಿಗಿ ಕೇಳಿದ್ರು. ಸಕ್ಕರಿ ರೋಗ, ಡಾಕ್ಟರ್ ಬ್ಯಾಡಂದಾರಂತ ನಾ ಕೊಡ್ಲಿಲ್ಲ. ಉಂಡ್ರೋ ಇಲ್ಲೋ, ಅಷ್ಟು ಗೊತ್ತಾದ್ರ ಸಾಕು ನನಗ." ವರ್ಷದಿಂದ ಆಕೆ ಹೋಳಿಗೆ ಮುಟ್ಟಿರಲಿಲ್ಲವಂತೆ.

ಎಡೆಯ ಪಕ್ಕ ಮಷೀನು ಇಟ್ಟು ಬಾಗಿಲು ಮುಚ್ಚಿದೆವು. ಎಲ್ಲರೂ ಕೈಮುಗಿದು ನಿಂತರು. ಯಜಮಾನರ ತಮ್ಮ ಮಾತ್ರ ಕಾಣಲಿಲ್ಲ. ಅವರಿಗೂ ಸಕ್ಕರೆ ರೋಗ, ಅವರಿಗೂ ಮನೆಯಲ್ಲಿ ಸಿಹಿ ಬಂದ್.

ಬಾಗಿಲು ತೆಗೆದಾಗ ಎಲೆಯಲ್ಲಿ ಎರಡು ಹೋಳಿಗೆ ಕಡಿಮೆ ಇದ್ದವು. ಟೇಪ್ ಹಾಕಿದೆ. ಎಲೆ ಸರಿದ ಸದ್ದು, ಮೆಲ್ಲುವ ಸದ್ದು, ಆಮೇಲೆ ಉದ್ದನೆಯದೊಂದು ತೇಗು. ಮಕ್ಕಳು "ಅಪ್ಪಾ" ಎಂದು ಅಡ್ಡಬಿದ್ದರು. ಅಷ್ಟರಲ್ಲಿ ಯಜಮಾನರ ತಮ್ಮ ಹಿತ್ತಲ ಕಡೆಯಿಂದ ಬಂದು ಟವಲಿನಲ್ಲಿ ಬಾಯಿ ಒರೆಸಿಕೊಳ್ಳುತ್ತ ಹಿಂದೆ ನಿಂತರು. ಆ ಕೋಣೆಗೆ ಹಿತ್ತಲಿಗೂ ಒಂದು ಬಾಗಿಲಿತ್ತು. ನಾನು ನೆಲ ನೋಡುತ್ತ ಕೂತೆ.

ಅಜ್ಜಿ ಮೂರು ಸಲ ಹಾಕಿಸಿ ಕೇಳಿದರು. ಆಮೇಲೆ ಕಣ್ಣೊರೆಸಿಕೊಂಡು, "ಬಂದ್ ಮಾಡು ಯಪ್ಪಾ. ಅಣ್ಣಗೂ ತಮ್ಮಗೂ ನಲವತ್ತು ವರ್ಷ ಉಣ್ಣಾಕ ನೀಡೀನಿ. ಯಾರ ತೇಗು ಯಾರದಂತ ಗೊತ್ತಾಗಂಗಿಲ್ಲೇನು ನನಗ?" ಎಂದರು.

ಅಜ್ಜಿ ಸೊಸೆಯರ ಕಡೆ ತಿರುಗಿದರು. "ಅವರು ಕೇಳಿದಾಗ ನಾ ಕೊಡ್ಲಿಲ್ಲ, ಹಂಗ ಹೋದ್ರು. ಇವನಿಗರ ಇದ್ದಾಗ ಎದುರಿಗೆ ಕುಂದ್ರಿಸಿ ಅರ್ಧ ಹೋಳಿಗಿ ನೀಡ್ರಿ. ನನಗೂ ಒಂದು ತರ್ರಿ, ಕೂಡೇ ಉಣ್ತೀನಿ."

ಮೈದುನ ಟವಲನ್ನು ಹೆಗಲಿಗೆ ಹಾಕಿಕೊಂಡು ಎದುರಿಗೆ ಬಂದು ಕೂತರು. ಮೆಲ್ಲಗೆ ಬಾಯಿಬಿಟ್ಟರು.

"ಅತ್ತಿಗೀ, ಈ ಸಲ ತುಪ್ಪ ಹಾಕಿಸ್ರಿ. ಅಣ್ಣನ ಎಡಿಯಾಗ ಮರ್ತಿದ್ರು."