ಗೋಡೆಯ ಹೆಂಗಸಿಗೆ ಜಿಪ್ಪು

“ಗೋಡಿ ಮ್ಯಾಲಿನ ನನ್ನ ಚಿತ್ರಕ್ಕ ಹೊದಿಸಿದ್ದು ತೆಗೀರಿ.”

ನನ್ನ ಹೆಂಡತಿ ನನಗೆ ಕಡೆಗೆ ಹೇಳಿದ್ದು ಇಷ್ಟೇ. ರಾಯದುರ್ಗದ ನಮ್ಮ ಓಣಿಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಗಬೇಕೋ ಬೈಯಬೇಕೋ ತಿಳಿಯುವುದಿಲ್ಲ.

೧. ಯಾರ ಪೈಕಿ

ಜೀನ್ಸ್ ಹೊಲಿಯುವ ಹೆಂಗಸರ ಚಿತ್ರ ಬರೆಯುತ್ತೇನೆಂದು ಒಬ್ಬ ಹುಡುಗಿ ನಮ್ಮ ಮಾಳಿಗೆ ಕೋಣೆಗೆ ಬಾಡಿಗೆ ಬಂದಳು. ಗುಂಗುರು ಕೂದಲು, ದೊಡ್ಡ ನಗು. ಎದುರುಮನೆ ಮುದುಕಿ ಕೇಳಿದಳು:

“ಯಾರ ಪೈಕಿವಾ ನೀನು?”

“ಅಪ್ಪ ಆಫ್ರಿಕಾದೋರು ಅಜ್ಜಿ. ಅಮ್ಮ ಮಡಕಶಿರದ ಕಡೆಯೋರು.”

“ಆಫ್ರಿಕಾ ಇರಲಿ. ಮಡಕಶಿರದಾಗ ಯಾವ ಊರು?”

“ಅಗಳಿ.”

ಮುದುಕಿ ಮುಖ ಸಣ್ಣದು ಮಾಡಿದಳು. “ಅಷ್ಟು ದೂರದವ್ರು ನಮಗ ಗೊತ್ತಾಗಂಗಿಲ್ಲವಾ.”

೨. ಅಳತೆ

ಆ ಹುಡುಗಿ ನಮ್ಮ ಹೊರಗೋಡೆಯ ಮೇಲೆ ನನ್ನ ಹೆಂಡತಿಯನ್ನು ಬರೆದಳು. ಆಳಿಗಿಂತ ದೊಡ್ಡದು. ಕೂದಲು ಬಿಚ್ಚಿ, ಸೀರೆ ತೊಡೆತನಕ ಎತ್ತಿ, ಕಾಲು ಚಾಚಿ ನಗುತ್ತಾಳೆ. ಹೊಟ್ಟೆಯ ಮಡಿಕೆ ಒಂದನ್ನೂ ಬಿಟ್ಟಿಲ್ಲ.

ತಲೆ ಬಗ್ಗಿಸಿ ಹೊಲಿಗೆ ಮಿಷನ್ ತುಳಿದೇ ವಯಸ್ಸಾದ ನನ್ನ ಹೆಂಡತಿ ಅದರ ಮುಂದೆ ನಿಂತಳು. “ನಾನು ಇಷ್ಟು ಚಂದ ಅದೀನೇನ್ರಿ?”

ಹೂಂ ಅಂದೆ.

ಅವಳು ಹೊಲಿಯುವ ಜೀನ್ಸ್ ಯೂನಿಟ್ಟಿನ ಕಟಿಂಗ್ ಮಾಸ್ತರ ಟೇಪು ತಂದು ಚಿತ್ರ ಅಳೆದ. “ಅಕ್ಕಾ, ಈ ಸೊಂಟದ ಸೈಜು ನಮ್ಮಲ್ಲಿ ಇಲ್ಲ.”

“ಹಂಗಾರ ನಿಮ್ಮ ಸೈಜು ತಿದ್ದಿಕ್ಯಾ. ಸೊಂಟ ಹಿಂಗೇ ಇರತೈತಿ.”

೩. ಮರ್ಯಾದೆ

ಓಣಿಯ ಹಿರಿಯರು ಬಂದರು. “ಮಾನವಂತರ ಓಣಿ ಇದು. ಸುಣ್ಣ ಬಳೀತೀವ್ರಿ.”

ಹೆಂಡತಿ ಆಗಲೇ ಹಾಸಿಗೆ ಹಿಡಿದಿದ್ದಳು. “ಸುಣ್ಣ ಬ್ಯಾಡ್ರಿ, ಬೇಕಾದ್ರ ಮುಚ್ಚಿರಿ,” ಅಂದೆ.

ಪರದೆ ಹೊಲಿಯಲು ಮಾಸ್ತರನಿಗೇ ಹೇಳಿದರು. ಅವನಿಗೆ ಬರುವುದು ಒಂದೇ ಕೆಲಸ. ಜೀನ್ಸ್ ಬಟ್ಟೆ, ಎರಡು ಜೇಬು, ನಡುವೆ ಉದ್ದಕ್ಕೂ ಜಿಪ್ಪು.

“ಜಿಪ್ಪು ಯಾಕಲೇ?” ಅಂದರು ಹಿರಿಯರು.

“ಜಿಪ್ಪಿಲ್ಲದ ಮಾಲು ನಮ್ಮ ಯೂನಿಟ್ಟಿನಿಂದ ಹೊರಗ ಹೋಗಂಗಿಲ್ರಿ.”

ಮೊದಲು ಓಣಿಯವರು ಯಾರೂ ಆ ಚಿತ್ರವನ್ನು ನಿಂತು ನೋಡುತ್ತಿರಲಿಲ್ಲ. ಜಿಪ್ಪು ಬಂದ ಮೇಲೆ ಗಂಡಸರು ದಿನಾ ಬರತೊಡಗಿದರು, ಸರಿಯಾಗಿ ಹಾಕೈತೋ ಇಲ್ಲೋ ಅಂತ ತೆಗೆದು ನೋಡಲು.

೪. ಫೋಟೋ

ಹೊದಿಸಿದ್ದು ತೆಗೀರಿ ಅಂದ ಸಂಜೆಯೇ ನನ್ನ ಹೆಂಡತಿ ತೀರಿಹೋದಳು.

ಮರುದಿನ ಬೆಳಿಗ್ಗೆ ಪರದೆ ಇಳಿಸಿದೆ. ಚಿತ್ರಕ್ಕೆ ಹಾರ ಹಾಕಿ, ಕೆಳಗೆ ದೀಪ ಹಚ್ಚಿದೆ. ಹಿರಿಯರು ಬಂದರು.

“ಫೋಟೋ ಎಲ್ಲಿ ಇಟ್ಟೀರಿ?”

“ಇದೇ ಫೋಟೋ ರಿ.”

ಸಾವಿನ ಮನೆ. ಕೈಮುಗಿಯದೆ ತಿರುಗುವಂತಿಲ್ಲ. ಸಾಲಾಗಿ ನಿಂತು ಕಣ್ಣು ಮುಚ್ಚಿ ಕೈಮುಗಿದರು. ಎಲ್ಲರಿಗಿಂತ ಹಿರಿಯರು ಒಂದು ಕಣ್ಣು ಮಾತ್ರ ಮುಚ್ಚಿದ್ದರು.

ನಾನು ಪರದೆಯನ್ನು ಚಿತ್ರದಲ್ಲಿನ ಅವಳ ಕಾಲ ಕೆಳಗೆ ನೆಲಕ್ಕೆ ಹಾಸಿ, “ಕುಂದರ್ರಿ,” ಅಂದೆ.