ಎಲ್ಲರೂ ಇಳಿಯುವ ಸ್ಟಾಪು

ಕಂಡಕ್ಟರನ ಹೆಂಡತಿಗೆ ಬಸ್ಸು ಆಗುವುದಿಲ್ಲ. ಇದು ಗಾದೆಯಲ್ಲ, ನನ್ನ ಹಣೆಬರಹ. ಊರಿನವರನ್ನೆಲ್ಲ ಬಸ್ಸಿಗೆ ಹತ್ತಿಸಿ ಇಳಿಸಿ ನಿವೃತ್ತನಾದವನು ನಾನು. ನನ್ನ ಮನೆಯವಳಿಗೋ ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಸಾಕು, ಹೊಟ್ಟೆ ತೊಳಸುತ್ತದೆ. ಆಟೋವೂ ಆಗದು. ಅವಳ ಪ್ರಕಾರ ಅದು ಮೂರು ಗಾಲಿಯ ಬಸ್ಸು. (ಮದುವೆಯಾದ ಹೊಸದರಲ್ಲಿ ನಾನು ಡ್ಯೂಟಿ ಮುಗಿಸಿ ಮನೆಗೆ ಬಂದಾಗಲೆಲ್ಲ ಮುಖ ಆಚೆ ತಿರುಗಿಸುತ್ತಿದ್ದಳು. ನಾಚಿಕೆ ಅಂದುಕೊಂಡು ಬಹಳ ಕಾಲ ಖುಷಿಪಟ್ಟೆ. ಅದು ನನ್ನ ಅಂಗಿಯ ಡೀಸೆಲ್ ವಾಸನೆಗೆ ಅಂತ ಆಮೇಲೆ ತಿಳಿಯಿತು.)

ನಿವೃತ್ತಿಯ ಜೊತೆಗೇ ಡಿಪೋ ಹಿಂದಿನ ಕ್ವಾರ್ಟರ್ಸ್ ಬಿಡಬೇಕಾಯಿತು. ಊರೊಳಗೆ ಮನೆ ಕೊಳ್ಳುವ ಮಾತು ಎದ್ದಾಗ ಅವಳು ಇಟ್ಟದ್ದು ಒಂದೇ ಷರತ್ತು.

"ಮಹಡಿ ಬೇಡ, ಹಿತ್ತಲು ಬೇಡ. ಅಡುಗೆಮನೆ ಕತ್ತಲಾಗಿದ್ರೂ ಪರವಾಗಿಲ್ಲ. ಅಕ್ಕನ ಮನೆಗೆ ದಿನಾ ನಡ್ಕೊಂಡು ಹೋಗಿ ಬರೋ ಹಾಗಿರ್ಬೇಕು, ಅಷ್ಟೇ."

ಅವಳ ಅಕ್ಕ, ಅಂದರೆ ನನ್ನ ಅತ್ತಿಗೆ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಗಂಡ ತೀರಿಹೋಗಿ ಬಹಳ ವರ್ಷವಾಯಿತು. ಮಕ್ಕಳಿಲ್ಲ. ಈಚೆಗೆ ಕಣ್ಣು ಮಂಜಾಗಿ, ಒಲೆ ಆರಿಸಿದೆನೋ ಇಲ್ಲವೋ ಅಂತ ಮುಟ್ಟಿ ನೋಡುವ ಸ್ಥಿತಿ. ನನ್ನವಳನ್ನು ಎತ್ತಿ ಆಡಿಸಿ ಬೆಳೆಸಿದವರೇ ಅವರು. ಕ್ವಾರ್ಟರ್ಸಿನಲ್ಲಿದ್ದಾಗ ಇವಳು ಅಕ್ಕನನ್ನು ನೋಡಬೇಕಾದರೆ ಮುಖಕ್ಕೆ ಟವೆಲ್ ಹೊದ್ದು ಬಸ್ಸಿನಲ್ಲಿ ಹೋಗಬೇಕಿತ್ತು. ಬಂದು ಮಾರನೆಯ ದಿನವಿಡೀ ಮಲಗಬೇಕಿತ್ತು. ಹಾಗಾಗಿ ಆ ಷರತ್ತಿನಲ್ಲಿ ತಮಾಷೆ ಏನೂ ಇರಲಿಲ್ಲ. ತಮಾಷೆ ಮಾಡಿದವನು ನಾನು.

ಬೇರೆಯವರಾಗಿದ್ದರೆ ಬೀದಿ ಬೀದಿ ಅಲೆದು ಮನೆ ನೋಡುತ್ತಿದ್ದರು. ನಾನು ಯಾಕೆ ಅಲೆಯಲಿ? ಈ ಊರಿನಲ್ಲಿ ಯಾರು ಎಲ್ಲಿ ಹತ್ತುತ್ತಾರೆ, ಎಲ್ಲಿ ಇಳಿಯುತ್ತಾರೆ ಎಂಬ ಮಹಾವಿದ್ಯೆ ನನ್ನ ತಲೆಯೊಳಗೇ ಇದೆ. ಜನ ಎಲ್ಲಿ ಇಳಿಯುತ್ತಾರೋ ಅದೇ ಊರಿನ ಹೊಕ್ಕಳು. ಈ ಸಿದ್ಧಾಂತಕ್ಕೆ ನನ್ನ ಸರ್ವೀಸೇ ಸಾಕ್ಷಿ. ಮಾರ್ಕೆಟ್ ಕೊನೆಯ ಸ್ಟಾಪು, ಅದಕ್ಕಿಂತ ಒಂದು ಹಿಂದಿನದು ಮಿಲ್ ಸ್ಟಾಪು. ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿದ್ದರೂ ಮಿಲ್ ಸ್ಟಾಪಿಗೆ ಬಂದ ಕೂಡಲೇ ಬುಟ್ಟಿಯವರು, ಚೀಲದವರು, ಸ್ಕೂಲ್ ಮೇಷ್ಟರು, ಮಗು ಎತ್ತಿಕೊಂಡವರು, ಎಲ್ಲರೂ ದಬದಬ ಇಳಿದುಬಿಡುತ್ತಿದ್ದರು. ಮಾರ್ಕೆಟ್ಟಿಗೆ ಉಳಿಯುತ್ತಿದ್ದವರು ಡ್ರೈವರ್, ನಾನು, ಇನ್ನು ನಿದ್ದೆ ಹೋದ ಯಾರೋ ಒಬ್ಬರು. ಅಷ್ಟೇ ಏಕೆ, ಮಾರ್ಕೆಟ್ ಹಿಂದೆಯೇ ಮನೆಯಿದ್ದ ಅತ್ತಿಗೆ ಕೂಡ ಮಿಲ್ ಸ್ಟಾಪಿನಲ್ಲೇ ಇಳಿಯುತ್ತಿದ್ದರು.

"ಇಲ್ಲೇ ಇಳೀತೀರಾ ಅತ್ತಿಗೆ?" ಅಂದರೆ, "ಇಲ್ಲಿಂದ ಇಲ್ಲೇ ಅಲ್ವಾ ಕಂಡಕ್ಟರ್ರೇ, ನಡ್ಕೊಂಡು ಹೋಗ್ತೀನಿ" ಅನ್ನುತ್ತಿದ್ದರು. (ತಂಗಿಯ ಗಂಡನನ್ನು ಅವರು ಕಂಡಕ್ಟರ್ರೇ ಅಂತಲೇ ಕರೆಯುವುದು. ಗೌರವವೋ ಚುಚ್ಚುಮಾತೋ ನನಗೆ ಇವತ್ತಿಗೂ ಗೊತ್ತಿಲ್ಲ.)

ದಲ್ಲಾಳಿಯನ್ನು ಕರೆದು, ಮಿಲ್ ಸ್ಟಾಪಿನ ಹತ್ತಿರ ಮನೆ ತೋರಿಸು ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಮಾರ್ಕೆಟ್ ಪಕ್ಕದಲ್ಲೇ ಒಂದಿದೆ ಸಾರ್. ಚಿಕ್ಕದು, ಆದ್ರೆ ಒಳ್ಳೇದು. ನೋಡ್ತೀರಾ?"

"ಈ ಊರನ್ನ ನನಗೆ ತೋರಿಸೋಕೆ ಬರ್ಬೇಡಪ್ಪ. ಇಲ್ಲಿ ಎಲ್ಲರನ್ನೂ ಇಳಿಸಿದವನು ನಾನು."

ದಲ್ಲಾಳಿಯೊಬ್ಬ ನಿಜ ಹೇಳಿದ್ದು ಅದೇ ಮೊದಲಿರಬೇಕು. ಅದನ್ನೂ ನಾನು ಕೇಳಿಸಿಕೊಳ್ಳಲಿಲ್ಲ.

ಮನೆ ನೋಡಲು ನನ್ನವಳನ್ನು ಬಸ್ಸಿನಲ್ಲೇ ಕರೆದುಕೊಂಡು ಹೋದೆ. ಕಿಟಕಿ ದೊಡ್ಡದು, ನಲ್ಲಿಯಲ್ಲಿ ನೀರು ಬರುತ್ತದೆ, ಗೋಡೆ ಸ್ವಲ್ಪ ತಣ್ಣಗೆ ಬೆವರುತ್ತದೆ, ಅಷ್ಟೇ. ಬಾಗಿಲಲ್ಲಿ ನಿಂತರೆ ಮುಂದಿನ ರಸ್ತೆಯಲ್ಲಿ ಜನ ಸಾಲುಸಾಲಾಗಿ ನಡೆದುಹೋಗುತ್ತಿದ್ದರು.

"ನೋಡು, ನಡೆಯೋರ ಬಡಾವಣೆ ಅಂದ್ರೆ ಇದು. ಒಬ್ಬರಾದ್ರೂ ಗಾಡೀಲಿ ಹೋಗ್ತಿದ್ದಾರಾ?"

"ಅಕ್ಕನ ಮನೆವರೆಗೆ ನೀವು ನಡ್ದು ನೋಡಿದ್ದೀರಾ?"

"ನಡೆಯೋರನ್ನ ಜೀವಮಾನವೆಲ್ಲ ನೋಡಿದ್ದೀನಿ."

"ನಾನು ಕೇಳಿದ್ದು ಅದಲ್ಲ."

"ಬಾ, ತೋರಿಸ್ತೀನಿ" ಅಂತ ಮುಂದಿನ ಬಸ್ಸಿಗೆ ಹತ್ತಿಸಿದೆ. ಅವಳು ಎಂದಿನಂತೆ ಕಣ್ಣು ಬಿಗಿಯಾಗಿ ಮುಚ್ಚಿ, ಟವೆಲ್ ಮುಖಕ್ಕೆಳೆದು ಕೂತಳು. ನಾನು ಹೊಸ ಕಂಡಕ್ಟರನಿಗೆ ಚಿಲ್ಲರೆ ಹೇಗೆ ಇಟ್ಟುಕೊಳ್ಳಬೇಕು ಅಂತ ಉಪದೇಶ ಮಾಡುತ್ತ ನಿಂತೆ. ಅಷ್ಟರಲ್ಲಿ ಮಾರ್ಕೆಟ್ ಬಂತು.

"ಬಂತಾ?" ಅಂತ ಅವಳು ಟವೆಲ್ ತೆಗೆದಳು. "ಇಷ್ಟು ಬೇಗ?"

"ಮತ್ತೆ? ಒಂದೇ ಸ್ಟಾಪು!"

ಅವಳ ಮುಖ ಅರಳಿತು. ಬಸ್ಸಿನಿಂದಿಳಿದ ಅವಳ ಮುಖ ಅರಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮನೆ ಕೊಂಡೆವು.

ಈಗ ಒಂದು ಗುಟ್ಟು ಹೇಳಬೇಕು. ಮಿಲ್ ಸ್ಟಾಪಿಗೂ ಮಾರ್ಕೆಟ್ಟಿಗೂ ನಡುವಿನ ದಾರಿಯನ್ನು ನಾನು ಸರ್ವೀಸಿನುದ್ದಕ್ಕೂ ನೋಡಿಯೇ ಇರಲಿಲ್ಲ. ಬಸ್ಸು ಖಾಲಿಯಾದ ಕೂಡಲೇ ಸೀಟಿನ ಮೇಲೆ ಕೂತು, ತಲೆ ಬಗ್ಗಿಸಿ, ಆ ಟ್ರಿಪ್ಪಿನ ಲೆಕ್ಕ ಬರೆಯುವ ಹೊತ್ತು ಅದು. ಲೆಕ್ಕ ಮುಗಿಯುವುದಕ್ಕೂ ಮಾರ್ಕೆಟ್ ಬರುವುದಕ್ಕೂ ಸರಿಹೋಗುತ್ತಿತ್ತು. ವಾಪಸು ಹೊರಟಾಗ ಟಿಕೆಟ್ ಕೊಡುವ, ಚಿಲ್ಲರೆ ಎಣಿಸುವ ಗಡಿಬಿಡಿ. ಹೆಂಡತಿ ಕಣ್ಣು ಮುಚ್ಚಿಕೊಂಡು, ಗಂಡ ತಲೆ ಬಗ್ಗಿಸಿಕೊಂಡು, ಇಬ್ಬರೂ ಸೇರಿ ಆ ದಾರಿಯನ್ನು ಬಲು ಹತ್ತಿರ ಅಂತ ತೀರ್ಮಾನಿಸಿದ್ದೆವು.

ಮನೆಗೆ ಬಂದ ಮಾರನೆಯ ಬೆಳಿಗ್ಗೆ ಅಕ್ಕನ ಮನೆಗೆ ಮೊದಲ ಪಾದಯಾತ್ರೆ ಹೊರಟೆವು. ಮೊದಲು ಮುಚ್ಚಿಹೋದ ಮಿಲ್ಲಿನ ಗೋಡೆ ಬಂತು. ಆಮೇಲೆ ಅದೇ ಗೋಡೆ ಬಂತು. ಒಂದು ತಿರುವು ಕಂಡಿತು. ತಿರುಗಿದರೆ ಅದೇ ಗೋಡೆಯ ಇನ್ನೊಂದು ಮಗ್ಗುಲು. ಮರವಿಲ್ಲ, ಅಂಗಡಿಯಿಲ್ಲ, ಕೂರಲು ಒಂದು ಕಲ್ಲಿಲ್ಲ. ನಡುವೆ ಬಸ್ ಸ್ಟಾಪೇ ಯಾಕಿಲ್ಲ ಅಂದರೆ ಅಲ್ಲಿ ಇಳಿದು ಮಾಡಲು ಮನುಷ್ಯರಿಗೆ ಏನೂ ಕೆಲಸವಿರಲಿಲ್ಲ. ಅಂತೂ ಗೋಡೆ ಮುಗಿಯಿತು ಅನ್ನುವಾಗ ರೈಲ್ವೆ ಗೇಟು ಬಿತ್ತು. ಗೂಡ್ಸ್ ರೈಲೊಂದು ಮನಸ್ಸಿಲ್ಲದ ಮನಸ್ಸಿನಿಂದ ಸಾಗುತ್ತಿತ್ತು.

"ರೀ, ಒಂದೇ ಸ್ಟಾಪು ಅಂದ್ರಿ."

"ಒಂದೇ ಸ್ಟಾಪೇ ಕಣೇ. ಸ್ವಲ್ಪ ಉದ್ದವಾದ ಸ್ಟಾಪು."

"ನೀವು ಮಾತಾಡ್ಬೇಡಿ. ನಿಮ್ಮ ಮಾತಿಗೂ ಈ ಗೋಡೆಗೂ ವ್ಯತ್ಯಾಸ ಇಲ್ಲ."

ಬುಟ್ಟಿ ಹೊತ್ತ ಒಬ್ಬ ಹೆಂಗಸು ನಮ್ಮನ್ನು ಹಿಂದೆ ಹಾಕುತ್ತ ನನ್ನನ್ನು ಗುರುತು ಹಿಡಿದಳು. "ಏನ್ ಕಂಡಕ್ಟರ್ರೇ, ಕೊನೆಗೂ ನಿಮ್ಮನ್ನೂ ಇಳಿಸಿಬಿಟ್ರಾ?" ಅಂತ ನಕ್ಕು ಮುಂದೆ ಹೋದಳು. ಅದೇನು ನಗುವೋ ನನಗೆ ಆಗ ಅರ್ಥವಾಗಲಿಲ್ಲ.

ಅರ್ಥ ಮಾಡಿಸಿದವರು ಅತ್ತಿಗೆ. ಬಾಗಿಲಲ್ಲಿ ಕುಸಿದು ಕೂತ ತಂಗಿಗೆ ನೀರು ಕೊಟ್ಟು, ಕಥೆಯೆಲ್ಲ ಕೇಳಿ, ತಲೆ ಚಚ್ಚಿಕೊಂಡರು.

"ಅಯ್ಯೋ ಕಂಡಕ್ಟರ್ರೇ! ಮಿಲ್ ಸ್ಟಾಪ್ ದಾಟಿದ್ರೆ ಟಿಕೆಟ್ ದರ ಏರುತ್ತಲ್ಲ, ಅದಕ್ಕೆ ಊರೋರೆಲ್ಲ ಅಲ್ಲಿ ಇಳಿದು ನಡೀತಿದ್ದದ್ದು. ಯಾರಾದ್ರೂ ಸುಮ್ನೆ ಕೂತ್ಕೊಂಡು ಬಂದ್ರೆ ನೀವು ಬಿಡ್ತಿದ್ರಾ? ಸೀಟಿ ಊದಿ ಊದಿ ಇಳಿಸ್ತಿದ್ರಿ."

ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ದರ ಏರುವ ಗಡಿ ಅದು ಅಂತ ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು! ಆ ಗಡಿಯನ್ನು ಸೈನಿಕನ ಹಾಗೆ ಕಾದವನೇ ನಾನು. ಆದರೆ ಜನ ಇಳಿಯುವುದಕ್ಕೂ ಅದಕ್ಕೂ ಗಂಟು ಹಾಕುವುದು ನನಗೆ ಹೊಳೆಯಲೇ ಇಲ್ಲ.

"ಮತ್ತೆ ನೀವು? ಇಲ್ಲೇ ಹತ್ತಿರ ಅಂತಿದ್ರಲ್ಲ ಅತ್ತಿಗೆ?"

"ಬಸ್ ತುಂಬ ಜನ ಇರೋವಾಗ ತಂಗಿ ಗಂಡನ ಹತ್ರ ಚೌಕಾಸಿ ಮಾಡ್ಲಾ? ನಿಮ್ಮ ಮರ್ಯಾದೆಗೆ ಅಂತ ಹತ್ತಿರ ಅಂದೆ. ನೀವು ಮನೆ ಕೊಳ್ತೀರಾ ಅಂತ ನನಗೇನು ಕನಸು ಬಿದ್ದಿತ್ತಾ?"

ನನ್ನವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು. ಎದ್ದು ಅಕ್ಕನ ಪಾತ್ರೆ ತೊಳೆದಿಟ್ಟಳು.

ಆಮೇಲೆ ಅವಳು ದಿನವೂ ನಡೆದಳು. ಬೆಳಿಗ್ಗೆ ಹೋಗುವಳು, ಸಂಜೆ ಬರುವಳು, ಬಂದವಳು ಕಾಲಿಗೆ ಬಿಸಿನೀರು ಹಾಕಿಕೊಂಡು ಗೋಡೆ ನೋಡುತ್ತ ಕೂರುವಳು. (ಅದೂ ಗೋಡೆಯೇ. ಈ ಬಡಾವಣೆಯಲ್ಲಿ ನೋಡಲು ಬೇರೇನೂ ಇಲ್ಲ.) ಒಂದು ದಿನ ಜೊತೆಗೆ ಹೊರಟೆ. ರೈಲ್ವೆ ಗೇಟಿನ ಹತ್ತಿರ ನನಗೆ ಏದುಸಿರು ಬಂದು, ಅವಳೇ ನನ್ನನ್ನು ಮನೆಗೆ ವಾಪಸು ತಂದು ಬಿಟ್ಟು ಮತ್ತೆ ಹೊರಟಳು. ಸಹಾಯಕ್ಕೆ ಅಂತ ಹೋಗಿ ಅವಳ ದಾರಿಯನ್ನು ಇಮ್ಮಡಿ ಮಾಡಿದೆ.

ಈ ಮನೆ ಮಾರಿಬಿಡೋಣ ಅಂತ ದಲ್ಲಾಳಿಯ ಹತ್ತಿರ ಹೋದೆ. ಮಾರ್ಕೆಟ್ ಪಕ್ಕದ ಆ ಚಿಕ್ಕ ಮನೆ ಆಗಲೇ ಯಾರದೋ ಪಾಲಾಗಿತ್ತು.

"ನಿಮ್ಮದನ್ನ ಯಾರು ತಗೋತಾರೆ ಸಾರ್?" ಅಂದ ಅವನು, ಬಹಳ ವಿನಯದಿಂದ. "ಅಲ್ಲಿಂದ ಎಲ್ಲಿಗೆ ಹೋಗ್ಬೇಕಂದ್ರೂ ನಡೀಬೇಕಲ್ಲ."

ಹೀಗಿರುವಾಗ ಒಂದು ಸಂಜೆ, ನನ್ನವಳು ಮಿಲ್ಲಿನ ಗೋಡೆಯುದ್ದಕ್ಕೂ ಮನೆಗೆ ನಡೆದು ಬರುತ್ತಿದ್ದ ಹೊತ್ತಿನಲ್ಲೇ, ಅತ್ತಿಗೆ ಬಚ್ಚಲಲ್ಲಿ ಜಾರಿ ಬಿದ್ದರು. ಮಾರನೆಯ ಬೆಳಿಗ್ಗೆ ಇವಳು ಹೋಗುವ ತನಕ ಅಲ್ಲೇ ಗೋಡೆಗೊರಗಿ ಕೂತಿದ್ದರಂತೆ. ಕೂಗಿದ್ದು ಅಕ್ಕಪಕ್ಕದವರಿಗೆ ಕೇಳಿಸಲಿಲ್ಲ. ಮೂಳೆ ಮುರಿದಿರಲಿಲ್ಲ, ಬಿರುಕು ಬಿಟ್ಟಿತ್ತು. ಹಾಸಿಗೆ ಬಿಟ್ಟು ಏಳಬಾರದು ಅಂದರು ಡಾಕ್ಟರು. (ಅವರ ಕ್ಲಿನಿಕ್ಕೂ ಮಾರ್ಕೆಟ್ಟಿನಲ್ಲೇ.)

ಅಂದು ಮನೆಗೆ ಬಂದವಳು ಕಾಲಿಗೆ ನೀರೂ ಹಾಕಿಕೊಳ್ಳದೆ ಬಟ್ಟೆ ಮಡಚಿ ಚೀಲಕ್ಕೆ ತುಂಬತೊಡಗಿದಳು.

"ಎಷ್ಟು ದಿನಕ್ಕೆ?" ಅಂದೆ.

"ಗೊತ್ತಿಲ್ಲ."

"ನಾನು?"

"ನೀವು ಆರಿಸಿದ ಮನೆ ಅಲ್ವಾ, ಇರಿ." ಆಮೇಲೆ ದನಿ ಸ್ವಲ್ಪ ಇಳಿಯಿತು. "ನಾನು ಈ ಗೋಡೆ ಪಕ್ಕ ನಡೀತಿರೋವಾಗ ಅವಳು ಅಲ್ಲಿ ನನ್ನ ಹೆಸರು ಕೂಗ್ತಿದ್ಲಂತೆ ಕಣ್ರೀ."

ನಾನು ಚೀಲ ಹಿಡಿದುಕೊಂಡೆ. ರೈಲ್ವೆ ಗೇಟಿನ ತನಕ ಕಳಿಸಿ ಬಂದೆ.

ಒಂಟಿ ಗಂಡಸಿನ ಸಂಸಾರ ವರ್ಣಿಸಿ ನಿಮ್ಮನ್ನು ಅಳಿಸುವುದಿಲ್ಲ. ಅನ್ನ ಸೀಯುತ್ತದೆ, ಹಾಲು ಉಕ್ಕುತ್ತದೆ, ಬೆವರುವ ಗೋಡೆ ಅಂಗಿಗೆ ಅಂಟುತ್ತದೆ. ಕಿಟಕಿಯಲ್ಲಿ ಕೂತರೆ ಬಸ್ಸು ಬಂದು ನಿಲ್ಲುತ್ತದೆ, ಎಲ್ಲರೂ ಇಳಿಯುತ್ತಾರೆ, ಎಲ್ಲರೂ ನನ್ನ ಮನೆಯ ಮುಂದೆ ನಡೆದುಹೋಗುತ್ತಾರೆ. ಒಬ್ಬರೂ ಒಳಗೆ ಬರುವುದಿಲ್ಲ. ಯಾರೂ ಉಳಿಯಲು ಬರದ ಜಾಗವನ್ನು ಹುಡುಕಿ ಹುಡುಕಿ ಕೊಂಡಿದ್ದೇನೆ.

ಹಾಗಾಗಿ ನಾನೂ ದಿನಾ ನಡೆಯುತ್ತೇನೆ. ಬಸ್ಸಿನಲ್ಲಿ ಹೋಗಬಹುದು, ಆದರೆ ಹೆಂಡತಿ ನಡೆದ ದಾರಿಯಲ್ಲಿ ನಾನು ಕೂತು ಹೋಗಲು ಮುಖವಿಲ್ಲ. ಗೋಡೆಯ ಪಕ್ಕ ಮೂರು ಕಡೆ ನಿಂತು ಉಸಿರೆಳೆದು, ಗೇಟು ಬಿದ್ದಿದ್ದರೆ ಅದನ್ನೇ ಪುಣ್ಯ ಅಂದುಕೊಂಡು, ಸಂಜೆಯ ಹೊತ್ತಿಗೆ ಅತ್ತಿಗೆಯ ಮನೆ ಮುಟ್ಟುತ್ತೇನೆ. ನನ್ನವಳು ಊಟ ಹಾಕುತ್ತಾಳೆ. ಅಕ್ಕತಂಗಿಯರು ಅದೇನೇನೋ ಹಳೆಯದು ನೆನೆದು ಪಿಸುಗುಟ್ಟುತ್ತಾರೆ. ಅವಳ ಕಾಲಿನ ಊತ ಇಳಿದಿದೆ. ಗಲ್ಲಿಯ ತುದಿಗೆ ಹಾಲು, ಅದರಾಚೆ ಔಷಧಿ ಅಂಗಡಿ, ಎದುರಿಗೆ ತರಕಾರಿ. ಬೇಕೆಂದಾಗ ಚಪ್ಪಲಿ ಮೆಟ್ಟಿ ಹೋಗಿ ಬರುತ್ತಾಳೆ. ಅವಳು ಕೇಳಿದ್ದು ಇಷ್ಟನ್ನೇ.

ನಿನ್ನೆ ಊಟ ಮುಗಿದ ಮೇಲೆ ಅವಳು, "ಬೆಳಕಿರೋವಾಗ್ಲೇ ಹೊರಡಿ. ಬಹಳ ದೂರ" ಅಂದಳು. ಕೋಪದಿಂದಲ್ಲ. ಕೋಪವಿದ್ದಿದ್ದರೆ ನಾನು ಎದ್ದು ಹೋಗಿಬಿಡುತ್ತಿದ್ದೆ.

ಹೊಸಿಲಲ್ಲಿ ಚಪ್ಪಲಿ ಹಾಕಿದವನು ಅಲ್ಲೇ ನಿಂತೆ. "ಅತ್ತಿಗೆ, ನಾನೂ ಇಲ್ಲೇ ಇದ್ದುಬಿಡ್ಲಾ?"

ನನ್ನವಳು ಕೋಣೆಯನ್ನು ಒಮ್ಮೆ ಸುತ್ತ ನೋಡಿದಳು. ಮಂಚದ ಮೇಲೆ ಅಕ್ಕ. ಮಂಚಕ್ಕೂ ಗೋಡೆಗೂ ನಡುವಿನ ಜಾಗದಲ್ಲಿ ಅವಳ ಹಾಸಿಗೆ ಸುರುಳಿ. ಇದ್ದ ಒಂದು ಕುರ್ಚಿಯ ಮೇಲೆ ಔಷಧಿ ಬಾಟಲಿಗಳು. ಒಳಕೋಣೆಯಲ್ಲಿ ಒಲೆ, ಪಾತ್ರೆ, ನೀರಿನ ಡ್ರಮ್ಮು.

ಅತ್ತಿಗೆ ದಿಂಬಿನಿಂದ ತಲೆ ಎತ್ತದೆಯೇ, ಮಂಜುಗಣ್ಣಿನಲ್ಲಿ ನನ್ನ ದನಿ ಬಂದ ಕಡೆಗೆ ತಿರುಗಿದರು.

"ಸೀಟಿಲ್ಲ ಕಂಡಕ್ಟರ್ರೇ. ನಿಂತ್ಕೊಂಡು ಬರೋದಾದ್ರೆ ಬನ್ನಿ."

ನನ್ನವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮನೆ ಕೊಂಡ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಾನು ಚಪ್ಪಲಿ ಬಿಟ್ಟು ಒಳಗೆ ಬಂದು, ಯಾರ ಕಾಲಿಗೂ ತಗುಲದ ಹಾಗೆ, ಗೋಡೆಗೊರಗಿ ನಿಂತುಕೊಂಡೆ.